ಎರಡು ನಾಣ್ಯದ ಭಾರ

ನಂಜುಂಡೇಶ್ವರನ ಹುಂಡಿಗೆ ಅಂತ ಎರಡು ಹತ್ತು ರೂಪಾಯಿ ನಾಣ್ಯ ಎತ್ತಿಟ್ಟಿದ್ದೀರಾ? ಅಂಗೈ ಮೇಲಿಡಿ. ಸುಮಾರು 15 ಗ್ರಾಂ. ಹೃದಯದ ಒಳಗೋಡೆಯನ್ನ ಕ್ಯಾತಿಟರ್ ತುದಿ ಒತ್ತಬೇಕಾದ್ದು ಹೆಚ್ಚುಕಮ್ಮಿ ಇಷ್ಟೇ!

ಎದೆಬಡಿತ ತಾಳ ತಪ್ಪಿದಾಗ, ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಅನ್ನೋ ತೆಳು ಕೊಳವೆ ಹೃದಯಕ್ಕೆ ಹೋಗುತ್ತೆ. ಅಡ್ಡದಾರಿ ಹಿಡಿದ ವಿದ್ಯುತ್ತಿನ ಜಾಗವನ್ನ ಅದರ ತುದಿ ಸುಡುತ್ತೆ. ಇದೇ ಅಬ್ಲೇಷನ್.

ಒಳಗೆ ಕಣ್ಣಿಗೇನೂ ಕಾಣಲ್ಲ. ಟಿ. ನರಸೀಪುರದ ಸಂಗಮದಲ್ಲಿ ತೆಪ್ಪದವರು ಬಿದಿರು ಗಳ ಊರಿದ್ರೆ, ತಳ ಸಿಕ್ತಾ ಇಲ್ವಾ ಅಂತ ಕೈಗೇ ಗೊತ್ತಾಗುತ್ತಲ್ಲ? ಡಾಕ್ಟ್ರಿಗೂ ಮೊದಲು ಹಾಗೇ: ಕೈಯಂದಾಜು, ಎಕ್ಸ್‌ರೇ ನೆರಳು, ತುದಿಗೆ ಸಿಗೋ ವಿದ್ಯುತ್ ಸಂಕೇತ. ಈಗ ಕೆಲವು ಕ್ಯಾತಿಟರ್‌ಗಳ ತುದಿಯಲ್ಲೇ ಸೆನ್ಸರ್ ಇದೆ. ಪರದೆ ಮೇಲೆ ಗ್ರಾಂ ಲೆಕ್ಕ, ಬಡಿತಕ್ಕೊಮ್ಮೆ ಏರುತ್ತೆ, ಇಳಿಯುತ್ತೆ.

ಒತ್ತಡ ಕಮ್ಮಿಯಾದ್ರೆ ಮೇಲ್ಪದರ ಮಾತ್ರ ಬೇಯುತ್ತೆ, ಕಾಯಿಲೆ ವಾಪಸ್ ಬರಬಹುದು. ಜಾಸ್ತಿಯಾದ್ರೆ? ಮಾಗಿದ ರಸಬಾಳೆಗೆ ಹೆಬ್ಬೆರಳು ಒತ್ತಿದ ಹಾಗೆ, ಗೋಡೆಯೇ ತೂತಾಗಬಹುದು.

ಗ್ರಾಂ ಒಂದನ್ನೇ ನಂಬೋ ಹಾಗಿಲ್ಲ. ಸುಡುವಾಗ ಪಕ್ಕದಲ್ಲಿ ಇನ್ನೊಂದು ಅಂಕಿ ಓಡ್ತಿರುತ್ತೆ: ವಿದ್ಯುತ್ತಿಗೆ ಅಂಗಾಂಶ ಒಡ್ಡೋ ತಡೆ. ಅದು ಸುಮಾರು 10 ಓಮ್ ಇಳಿದ್ರೆ ಬಿಸಿ ಹಿಡಿದಿದೆ ಅಂತ ಲೆಕ್ಕ. ಕದಲದೇ ನಿಂತ್ರೆ ತುದಿ ಸರಿಯಾಗಿ ಕೂತಿಲ್ಲವೇನೋ ಅಂತ ಅನುಮಾನ. ಸರಿಸಿ, ಮತ್ತೆ ಒತ್ತಿ ನೋಡ್ತಾರೆ.