ಕಾಲಿನ ಶಸ್ತ್ರಕ್ರಿಯೆಯ ಅನಂತರದ ಗೃಹವ್ಯವಸ್ಥೆ

ಮುರಿದ ಎಲುಬನ್ನು ಕೂಡಿಸುವುದು, ಸವೆದ ಮೊಣಕಾಲಿಗೆ ಕೃತ್ರಿಮ ಕೀಲನ್ನು ಅಳವಡಿಸುವುದು ವೈದ್ಯರ ಕೆಲಸ. ಅನಂತರ ರೋಗಿಯು ಮೊದಲಿನಂತೆ ನಡೆದಾಡುವುದು ಬಹುಮಟ್ಟಿಗೆ ಮನೆಯವರನ್ನು ಅವಲಂಬಿಸಿದೆ. 1957ರಲ್ಲಿ ಹುಬ್ಬಳ್ಳಿಯಲ್ಲಿಯೂ 2003ರಲ್ಲಿ ಧಾರವಾಡದ ಸತ್ತೂರಿನಲ್ಲಿಯೂ ವೈದ್ಯಕೀಯ ಕಾಲೇಜುಗಳು ಸ್ಥಾಪಿತವಾದುದರಿಂದ, ಇಂಥ ಚಿಕಿತ್ಸೆಗಾಗಿ ನಮ್ಮವರು ದೂರದ ಊರುಗಳಿಗೆ ಹೋಗಲೇಬೇಕೆಂದಿಲ್ಲ. ಆದರೆ ಕೆಲವೇ ದಿನಗಳಲ್ಲಿ ದವಾಖಾನೆಯಿಂದ ಮರಳುವವರನ್ನು ಬರಮಾಡಿಕೊಳ್ಳಲು ನಮ್ಮ ಮನೆಗಳು ಸಿದ್ಧವಾಗಿರುವವೆ?

ನಾವು ಬಲ್ಲ ಒಂದು ಮನೆಯಲ್ಲಿ ವೃದ್ಧ ತಾಯಿಯೊಬ್ಬರಿಗೆ ತೊಡೆಯೆಲುಬಿನ ಶಸ್ತ್ರಕ್ರಿಯೆಯಾಗಿತ್ತು. ಮಕ್ಕಳು ಮಮತೆಯಿಂದ, “ಅವ್ವಾ, ನೀ ಏಳಬ್ಯಾಡ, ಏನ ಬೇಕಾದರೂ ನಾವು ತಂದು ಕೊಡತೀವಿ” ಎಂದರು. ಆದರೆ ನಡುರಾತ್ರಿಯಲ್ಲಿ, ದುಡಿದು ದಣಿದ ಸೊಸೆಯನ್ನು ಎಬ್ಬಿಸಲು ಆ ತಾಯಿಗೆ ಸಂಕೋಚವಾಯಿತು. ಕತ್ತಲಲ್ಲಿಯೇ ಬಚ್ಚಲಿನತ್ತ ಹೊರಟರು; ತೊಯ್ದ ಫರಸಿಯ ಮೇಲೆ ಜಾರಿ ಬಿದ್ದರು. ಮತ್ತೆ ದವಾಖಾನೆ, ಮತ್ತೆ ಶಸ್ತ್ರಕ್ರಿಯೆ! ಆ ಮನೆಯಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ಬಚ್ಚಲಿನ ದಾರಿಯಲ್ಲಿ ದೀಪವಿರಲಿಲ್ಲ.

ಆದುದರಿಂದ ರೋಗಿಯು ಸದಾ ಮಲಗಿರಲೆಂದಲ್ಲ, ನಿರ್ಭಯವಾಗಿ ಎದ್ದು ನಡೆಯಲೆಂದು ಮನೆಯನ್ನು ಅಣಿಗೊಳಿಸತಕ್ಕದ್ದು. ಬಹುಕಾಲ ಅಲುಗದೆ ಮಲಗಿದರೆ ಕಾಲಿನ ರಕ್ತನಾಳಗಳಲ್ಲಿ ನೆತ್ತರು ಹೆಪ್ಪುಗಟ್ಟುವ ಭಯವುಂಟು, ಸ್ನಾಯುಗಳೂ ಸೊರಗುತ್ತವೆ. ವೈದ್ಯರು ಹೇಳಿದಷ್ಟು ನಡೆಯುವುದೂ ಒಂದು ಔಷಧವೇ ಸರಿ.

ಶಸ್ತ್ರಕ್ರಿಯೆಯ ದಿನ ಮೊದಲೇ ಗೊತ್ತಾಗಿದ್ದರೆ, ದವಾಖಾನೆಗೆ ಹೊರಡುವ ಮುನ್ನವೇ ಸಿದ್ಧತೆ ಮುಗಿಯಲಿ. ಮಲಗುವ ಸ್ಥಳವು ಕೆಳಗಿನ ಅಂತಸ್ತಿನಲ್ಲಿ, ಬಚ್ಚಲಿಗೆ ಸಮೀಪವಾಗಿರಬೇಕು. ಹಳೆಯ ಮನೆಗಳಲ್ಲಿ ಪಡಸಾಲೆಯೂ ಆದೀತು. ನೆಲದ ಹಾಸಿಗೆ ಬೇಡ, ಮಂಚವಿರಲಿ. ಅದರ ಮೇಲೆ ಕುಳಿತಾಗ ಪಾದಗಳು ನೆಲಕ್ಕೆ ಊರಬೇಕು. ಸೊಂಟವು ಮೊಣಕಾಲಿಗಿಂತ ತಗ್ಗಬಾರದು. ಕೈಗಳುಳ್ಳ ಗಟ್ಟಿಯಾದ ಖುರ್ಚಿಯೊಂದು ಅದೇ ಎತ್ತರದ್ದಿರಲಿ. ನೀರು, ಔಷಧ, ಕನ್ನಡಕ, ಫೋನು, ದೀಪದ ಗುಂಡಿ ಇವೆಲ್ಲ ಕೈಗೆಟಕುವಂತಿರಲಿ.

ಮಂಚದಿಂದ ಬಚ್ಚಲಿನವರೆಗೆ ಸುಮಾರು 3 ಅಡಿ ಅಗಲದ ದಾರಿಯನ್ನು ತೆರವು ಮಾಡಿದರೆ ವಾಕರ್ ಸುಲಭವಾಗಿ ಸಾಗುವುದು. ಜಮಖಾನೆ, ಕಾಲೊರಸು, ವಿದ್ಯುತ್ ತಂತಿಗಳನ್ನು ತೆಗೆದಿಡಿರಿ. ನಲ್ಲಿಯ ನೀರು ಕೆಲವು ದಿನಗಳಿಗೊಮ್ಮೆ ಬರುವ ಓಣಿಗಳಲ್ಲಿ ಕೊಡ, ಪೀಪಾಯಿಗಳು ದಾರಿಯಲ್ಲಿಯೇ ನಿಂತಿರುತ್ತವೆ. ಅವು ಹಿತ್ತಲಿಗೆ ಹೋಗಲಿ. ಶಹಾಬಾದ ಫರಸಿಯ ಮೇಲೆ ಚೆಲ್ಲಿದ ನೀರನ್ನು ಕೂಡಲೇ ಒರಸತಕ್ಕದ್ದು. ಶ್ರಾವಣದ ಜಿಟಿಜಿಟಿ ಮಳೆಯಲ್ಲಂತೂ ಹೆಚ್ಚಿನ ಎಚ್ಚರಿಕೆ ಬೇಕು. ಎತ್ತರದ ಹೊಸ್ತಿಲಿಗೆ ಎದ್ದು ಕಾಣುವ ಬಣ್ಣದ ಪಟ್ಟಿಯನ್ನು ಅಂಟಿಸಿರಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಶಸ್ತ್ರಕ್ರಿಯೆಯಾದ ಕಾಲು ಮೊದಲು ಎಂಬುದು ನೆನಪಿರಲಿ.

ಕುಕ್ಕರುಗಾಲಿನಲ್ಲಿ ಕೂಡ್ರುವ ಶೌಚಕ್ಕೆ ಬದಲಾಗಿ ಕಮೋಡ್ ಖುರ್ಚಿಯನ್ನು ತರಬೇಕು. ಗೋಡೆಗೆ ಭದ್ರವಾದ ಹಿಡಿಕೆಯನ್ನು ಕೂಡಿಸಬೇಕು. ನಲ್ಲಿಯನ್ನಾಗಲಿ ಟಾವೆಲಿನ ಸರಳನ್ನಾಗಲಿ ಹಿಡಿದು ಏಳುವುದು ಅಪಾಯಕರ. ಸ್ನಾನಕ್ಕೆ ಜಾರದ ಸ್ಟೂಲು ಇರಲಿ. ನೆಲದ ಮೇಲಿನ ಊಟ, ಮಣೆಯ ಮೇಲಿನ ಪೂಜೆಗಳನ್ನು ವೈದ್ಯರು ಸಮ್ಮತಿಸುವವರೆಗೆ ಖುರ್ಚಿಯಲ್ಲಿ ಕುಳಿತೇ ಮಾಡಬಹುದು. ದೇವರು ಮುನಿಯನು.

ಇನ್ನೊಂದು ಮಾತು. ಬಾತ ಕಾಲನ್ನು ಕಂಡು ಹಿರಿಯರು ಎಣ್ಣೆ ಹಚ್ಚಿ ತಿಕ್ಕಲು ಮುಂದಾಗುವುದುಂಟು. ಹಾಗೆ ಮಾಡಕೂಡದು, ಹೆಪ್ಪುಗಟ್ಟಿದ ನೆತ್ತರು ಕದಲಿ ಪುಪ್ಪುಸಕ್ಕೆ ಸಾಗಬಹುದು. ಮೀನಖಂಡದಲ್ಲಿ ಹೊಸ ನೋವು ಅಥವಾ ಹೆಚ್ಚುವ ಬಾವು, ಗಾಯದಲ್ಲಿ ಕೀವು, ಇಲ್ಲವೆ ಜ್ವರ ಕಂಡರೆ ಅಂದೇ ವೈದ್ಯರಿಗೆ ತಿಳಿಸಿರಿ. ಎದೆನೋವು, ಉಸಿರಾಟದ ತೊಂದರೆ ತೋರಿದರೆ ಕ್ಷಣವೂ ತಡೆಯದೆ 108ಕ್ಕೆ ಕರೆಮಾಡಿರಿ.

ಮೇಲೆ ಹೇಳಿದ ತಾಯಿಯ ಮನೆಯಲ್ಲಿ ಈಗ ರಾತ್ರಿಯಿಡೀ ಚಿಕ್ಕದೊಂದು ದೀಪ ಉರಿಯುತ್ತದೆ. ಮಂಚದ ಬಳಿ ಗಂಟೆಯೊಂದಿದೆ. “ನಿಮಗೆ ಏನು ಕಷ್ಟ?” ಎಂದು ಮನೆಯವರು ಮೊದಲೇ ಕೇಳಿದ್ದರೆ ಆ ಎರಡನೆಯ ನೋವು ತಪ್ಪುತ್ತಿತ್ತು. ನಮ್ಮ ವಾಚಕ ಬಂಧುಭಗಿನಿಯರು ಈ ಪ್ರಶ್ನೆಯನ್ನು ಮೊದಲೇ ಕೇಳಲೆಂಬುದೇ ನಮ್ಮ ವಿನಂತಿ.