ಮನೆಶಾಲೆಯ ಖರ್ಚಿನಲ್ಲಿ ಯಾರೂ ಬರೆಯದ 1,150 ಗಂಟೆ

ಮನೆಯಲ್ಲೇ ಓದಿದ ಹುಡುಗನೊಬ್ಬನನ್ನು ಹತ್ತನೇ ತರಗತಿಯ ಪರೀಕ್ಷೆಗೆ ಕೂರಿಸಲು ಬೇಕಾಗುವ ಹಣ 3,290 ರೂಪಾಯಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನಲ್ಲಿ 5 ವಿಷಯಗಳ ನೋಂದಣಿಗೆ 1,800, ವಿಷಯಕ್ಕೆ 250ರಂತೆ ಪರೀಕ್ಷಾ ಶುಲ್ಕ 1,250, ಗಣಿತ ಮತ್ತು ವಿಜ್ಞಾನದ ಪ್ರಾಯೋಗಿಕ ಪರೀಕ್ಷೆಗೆ 120ರಂತೆ 240. ಹುಡುಗಿಯಾದರೆ ನೋಂದಣಿ 1,450, ಒಟ್ಟು 2,940. ಇದು ಕೆಲವು ವರ್ಷ ನಡೆದುಬಂದ ದರ, ಈಗ ಬದಲಾಗಿರಬಹುದು. ಹಾಗಾಗಿ ಸೇರುವ ವರ್ಷದ ಪ್ರಾಸ್ಪೆಕ್ಟಸ್ ನೋಡಿಕೊಂಡೇ ಹಣ ಕಟ್ಟುವುದು ಒಳ್ಳೆಯದು.

ಪಠ್ಯಪುಸ್ತಕದ ಖರ್ಚು ಇನ್ನೂ ಹಗುರ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಅಂತ ಇಳಿಸಿಕೊಂಡು ಜೆರಾಕ್ಸ್ ಅಂಗಡಿಗೆ ಹೋದರೆ ಮಾತ್ರ ಲೆಕ್ಕ ಬೇರೆ: 150 ಪುಟದ ಪುಸ್ತಕ, ಪುಟಕ್ಕೆ 2 ರೂಪಾಯಿ ಅಂದರೆ 300, ಅಂಥ 5 ಪುಸ್ತಕಕ್ಕೆ 1,500. ಪಕ್ಕದ ಮನೆಯ ಹುಡುಗ ಓದಿ ಮುಗಿಸಿದ ಹಳೆಯ ಪುಸ್ತಕ ಕೇಳಿ ತಂದರೆ ಅದೂ ಉಳಿಯಿತು.

ಹೀಗೆ ದುಡ್ಡಿನ ಲೆಕ್ಕದಲ್ಲಿ ನೋಡಿದರೆ, ಸೊರಬ ತಾಲ್ಲೂಕಿನ ಕುಪ್ಪಗಡ್ಡೆ ಹೋಬಳಿಯ ಒಂದು ಕ್ರೈಸ್ತ ಕುಟುಂಬ ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತೇವೆಂದು ಹೊರಟರೆ ಎಡವುವಂಥದ್ದೇನೂ ಕಾಣುವುದಿಲ್ಲ. ಆದರೆ ಮನೆಶಾಲೆ ಶುರುಮಾಡಿದವರು ಕೈಬಿಡುವುದು ದುಡ್ಡು ಸಾಲದೆ ಅಲ್ಲ, ದಣಿದು. ದಿನವಿಡೀ ಒದ್ದಾಡಿದರೂ ಏನೂ ಕಲಿಸಿದಂತಾಗಲಿಲ್ಲ ಎನ್ನುವ ಕೊರಗು ಮೊದಲ ಮಳೆಗಾಲದಲ್ಲೇ ಹತ್ತಿಕೊಳ್ಳುತ್ತದೆ. ಆ ಕೊರಗಿಗೂ ಒಂದು ಲೆಕ್ಕವಿದೆ, ಹಾಕಿ ನೋಡಬಹುದು.

ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ 2009ರದು. ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ ಅನುಸೂಚಿಯಲ್ಲಿ ಶಾಲೆ ವರ್ಷಕ್ಕೆ ಎಷ್ಟು ನಡೆಯಬೇಕು ಎಂದು ಬರೆದಿದೆ. 1ರಿಂದ 5ನೇ ತರಗತಿಗೆ 200 ದಿನ, 800 ಗಂಟೆ. 6ರಿಂದ 8ಕ್ಕೆ 220 ದಿನ, 1,000 ಗಂಟೆ. ಭಾಗಿಸಿದರೆ ಸಣ್ಣವರಿಗೆ ದಿನಕ್ಕೆ 4 ಗಂಟೆ, ದೊಡ್ಡವರಿಗೆ ನಾಲ್ಕೂವರೆ. ಪ್ರಾರ್ಥನೆ, ಹಾಜರಿ, ಊಟ, ಆಟ, ಗಲಾಟೆ ಎಲ್ಲ ಕಳೆದು ಉಳಿಯುವ ಪಾಠದ ಹೊತ್ತು ಅಷ್ಟೇ. ಬೆಳಿಗ್ಗೆ ಒಂಬತ್ತೂವರೆಗೆ ಹೋದ ಪಕ್ಕದ ಮನೆಯ ಮಗು ಸಂಜೆ ನಾಲ್ಕೂವರೆಗೆ ಬರುವುದನ್ನು ನೋಡಿ, ನಾನೂ 7 ಗಂಟೆ ಕೂರಿಸಬೇಕಲ್ಲ ಎಂದು ಹೆದರುವ ತಾಯಿ ಕಾನೂನು ಕೇಳಿದ್ದಕ್ಕಿಂತ 3 ಗಂಟೆ ಹೆಚ್ಚಿನ ಹೊರೆಯನ್ನು ತಾನಾಗಿಯೇ ಹೊತ್ತುಕೊಂಡಿರುತ್ತಾಳೆ.

ಇನ್ನು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಪ್ಪ, ಅಮ್ಮ, ಮೂರನೇ ತರಗತಿಯ ಮಗಳು, ಏಳನೇ ತರಗತಿಯ ಮಗ. ಒಂದಿಷ್ಟು ಗದ್ದೆ, ತುಂಡು ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಹಸು. ಇಬ್ಬರದೂ ಸೇರಿಸಿದರೆ 1,800 ಗಂಟೆ ಪಾಠ. ಸತ್ಯವೇದ ಓದುವುದು, ಹಾಡು, ಗಟ್ಟಿಯಾಗಿ ಕಥೆ ಓದಿಸುವುದು, ಗಿಡ-ಹಕ್ಕಿ ನೋಡಿ ಬರೆಯುವುದು, ಇವಕ್ಕೆ ಇಬ್ಬರೂ ಒಟ್ಟಿಗೆ ಕೂರಬಹುದು. ದಿನಕ್ಕೆ ಒಂದೂವರೆ ಗಂಟೆಯಂತೆ 200 ದಿನಕ್ಕೆ 300 ಗಂಟೆ. ಆಮೇಲೆ ಮಗಳಿಗೆ ಪ್ರತ್ಯೇಕವಾಗಿ 500, ಮಗನಿಗೆ 700 ಉಳಿಯಿತು. ಏಳನೆಯವನು ಅರ್ಧ ಹೊತ್ತು ತಾನೇ ಓದಿಕೊಳ್ಳುತ್ತಾನೆಂದರೆ ಅವನ ಪಕ್ಕ ದೊಡ್ಡವರು ಕೂರಬೇಕಾದದ್ದು 350. ಒಟ್ಟು 1,150 ಗಂಟೆ.

220 ದಿನಕ್ಕೆ ಹಂಚಿದರೆ ದಿನಕ್ಕೆ 5 ಗಂಟೆ 14 ನಿಮಿಷ. ಹಾಲು ಕರೆದು, ತಿಂಡಿ ಮಾಡಿ, ಸಗಣಿ ಬಾಚಿ, ಕೆಲಸದಾಳಿಗೆ ಬುತ್ತಿ ಕಟ್ಟಿದ ಮೇಲಿನ 5 ಗಂಟೆ. ನಾಟಿಯ ಹೊತ್ತಿನಲ್ಲಿ, ಅಡಿಕೆ ಸುಲಿಯುವ ಹೊತ್ತಿನಲ್ಲಿ ಇದು ಆಗದ ಮಾತು. ಮನೆಶಾಲೆಯ ಬಗ್ಗೆ ಬರೆಯುವವರು ಈ ಜಾಗದಲ್ಲಿ ಪ್ರೀತಿ, ತ್ಯಾಗ ಎಂದೆಲ್ಲ ಬರೆದು ದಾಟಿಬಿಡುತ್ತಾರೆ. ನಾನಂತೂ ಮೊದಲು ಕೂಲಿ ಕಟ್ಟುವವನು. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ 2025-26ಕ್ಕೆ ಗೊತ್ತುಮಾಡಿದ ಕೂಲಿ ದಿನಕ್ಕೆ 370 ರೂಪಾಯಿ. 8 ಗಂಟೆಯ ದಿನವೆಂದರೆ ಗಂಟೆಗೆ 46 ರೂಪಾಯಿ 25 ಪೈಸೆ. 1,150 ಗಂಟೆಗೆ 53,187 ರೂಪಾಯಿ. ಪರೀಕ್ಷೆಗೆ ಕೂರಿಸುವ ಆ 3,290 ರೂಪಾಯಿಯ 16 ಪಟ್ಟು. ಅದೂ ಮಣ್ಣು ಹೊರುವ ಕೂಲಿಯ ದರದಲ್ಲಿ, ಮೇಷ್ಟ್ರ ಸಂಬಳದಲ್ಲಿ ಅಲ್ಲ.

ಈ ಐವತ್ಮೂರು ಸಾವಿರ ಯಾವ ಮನೆಯ ಖರ್ಚಿನ ಪುಸ್ತಕದಲ್ಲೂ ಇರುವುದಿಲ್ಲ. ಬರೆಯದ ಕಾರಣಕ್ಕೇ, ಕೊಟ್ಟವಳಿಗೂ ಅದು ಕಾಣುವುದಿಲ್ಲ. ನೂರು ರೂಪಾಯಿಯ ನೋಟ್‌ಬುಕ್ ತಂದ ಅಪ್ಪನ ಖರ್ಚು ಲೆಕ್ಕಕ್ಕೆ ಸಿಕ್ಕಿತು, ಆ ನೋಟ್‌ಬುಕ್ಕನ್ನು ತುಂಬಿಸಿದ ಅಮ್ಮನ ಹೊತ್ತು ಸಿಗಲಿಲ್ಲ. ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ದಿನಾ ಇಷ್ಟು ಗಂಟೆ, ಇಂಥ ಪಾಠ ಎಂದು ಗೀಚಿಟ್ಟರೆ ಸಾಕು. ತಿಂಗಳ ಕೊನೆಗೆ 90ಕ್ಕೋ 100ಕ್ಕೋ ಬಂದು ನಿಲ್ಲುವ ಅಂಕಿ, ಏನೂ ಮಾಡಲಿಲ್ಲ ಎನ್ನುವ ಮಾತನ್ನು ಬಾಯಿಗೆ ಬರಗೊಡುವುದಿಲ್ಲ.

ಬಿಟ್ಟುಕೊಡುವ ಪಾಲೂ ಇದೆ. ಸರ್ಕಾರಿ ಶಾಲೆಗೆ ಹೋಗುವ ಮಗುವಿಗೆ ಬಿಸಿಯೂಟದಲ್ಲಿ 5ನೇ ತರಗತಿವರೆಗೆ ದಿನಕ್ಕೆ 100 ಗ್ರಾಂ, 8ರವರೆಗೆ 150 ಗ್ರಾಂ ಧಾನ್ಯ. ಬೇಳೆ 20 ಮತ್ತು 30 ಗ್ರಾಂ. ಎಣ್ಣೆ 5 ಮತ್ತು ಏಳೂವರೆ ಗ್ರಾಂ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು 150 ಮಿಲಿಲೀಟರ್. 2024ರಿಂದ ವಾರಕ್ಕೆ 6 ದಿನ ಮೊಟ್ಟೆ. ಎಲ್ಲವೂ ದಿನಾ ಸಿಕ್ಕಿತೆಂದರೆ, ನಮ್ಮ ಲೆಕ್ಕದ ಮಗಳ ಪಾಲಿಗೆ 200 ದಿನಕ್ಕೆ 20 ಕೆಜಿ ಅಕ್ಕಿ, 4 ಕೆಜಿ ಬೇಳೆ, 1 ಕೆಜಿ ಎಣ್ಣೆ, 30 ಲೀಟರ್ ಹಾಲು, 200 ಮೊಟ್ಟೆ. ಅಕ್ಕಿ 50, ಬೇಳೆ 130, ಎಣ್ಣೆ 150, ಹಾಲು 46, ಮೊಟ್ಟೆ 7 ರೂಪಾಯಿ ಎಂದಿಟ್ಟುಕೊಂಡರೆ 4,450 ರೂಪಾಯಿ. ಮಗನ 220 ದಿನದ ಪಾಲು 5,814. ಇಬ್ಬರದೂ 10,264. ಜೊತೆಗೆ ಸಮವಸ್ತ್ರ, ಶೂ, ಸಾಕ್ಸ್. ಮನೆಯಲ್ಲಿ ಹಸು-ಗದ್ದೆ ಇದ್ದವರಿಗೆ ಇದು ದೊಡ್ಡದಲ್ಲ ಅನಿಸೀತು. ಕೂಲಿಗೆ ಹೋಗುವ ಮನೆಗೆ ದೊಡ್ಡದೇ. ಮೂವತ್ತು ಮಕ್ಕಳ ಜೊತೆ ಸಾಲಾಗಿ ಕೂತು ಉಣ್ಣುವುದಕ್ಕೆ ಬೆಲೆ ಕಟ್ಟುವ ವಿದ್ಯೆ ನನಗೆ ಬರುವುದಿಲ್ಲ.

ಆ ಸಾಲು ತಪ್ಪಿದಾಗ ಬರುವ ಒಂಟಿತನ ಮಕ್ಕಳದಷ್ಟೇ ಅಲ್ಲ. 2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರು 11,42,647, ನೂರಕ್ಕೆ 1.87. ಸರಾಸರಿ ಹಿಡಿದರೆ ಸಾವಿರ ಜನರ ಊರಲ್ಲಿ 19 ಮಂದಿ, ಮನೆ ಲೆಕ್ಕದಲ್ಲಿ ನಾಲ್ಕು. ಬೆಂಗಳೂರು ಮತ್ತು ಕರಾವಳಿಯಲ್ಲೇ ಹೆಚ್ಚಿನವರಿರುವುದರಿಂದ ಒಳನಾಡಿನ ಊರಿಗೆ ಆ ನಾಲ್ಕೂ ದಕ್ಕುವುದು ಕಷ್ಟ. ಆ ಒಂದೆರಡು ಮನೆಯಲ್ಲಿ ಒಂದು ಮನೆಶಾಲೆ ಮಾಡಿದರೆ, ಇವತ್ತು ಮಗ ಭಿನ್ನರಾಶಿಗೆ ಅತ್ತ ಎಂದು ಹೇಳಿಕೊಳ್ಳಲು ಅದೇ ಹಾದಿಯ ಇನ್ನೊಬ್ಬ ತಾಯಿ ಸುತ್ತಮುತ್ತ ಇಲ್ಲ. ಅಮೆರಿಕದ ಮಾತು ಬೇರೆ. ಅಲ್ಲಿನ ಸರ್ಕಾರದ 2016ರ ಸಮೀಕ್ಷೆಯಲ್ಲಿ ಮನೆಯಲ್ಲಿ ಕಲಿಯುವವರು ಸುಮಾರು 17 ಲಕ್ಷ, ನೂರಕ್ಕೆ 3.3. ಅವರ ಪಾಲಕರಲ್ಲೂ ಧಾರ್ಮಿಕ ಶಿಕ್ಷಣವೇ ಮುಖ್ಯ ಕಾರಣ ಎಂದವರು ನೂರಕ್ಕೆ 16 ಮಾತ್ರ; ಶಾಲೆಯ ವಾತಾವರಣದ ಅಂಜಿಕೆಯನ್ನು ಮುಂದಿಟ್ಟವರು 34.

ಕನ್ನಡ ನಾಡಿನ ಕ್ರೈಸ್ತರ ಹೆಸರು ಶಾಲೆ ಕಟ್ಟುವುದರಲ್ಲಿ, ಶಾಲೆ ಬಿಡಿಸುವುದರಲ್ಲಿ ಅಲ್ಲ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ ಶಾಲೆ ನಡೆಸಿತು. ಆ ವೆಸ್ಲಿಯನ್ನರ ಮೂಲಪುರುಷ ಜಾನ್ ವೆಸ್ಲಿ ಮಾತ್ರ ಅಕ್ಷರ ಕಲಿತದ್ದು ಮನೆಯಲ್ಲೇ. ಅವನ ತಾಯಿ ಸುಸಾನಾ ಹೆತ್ತದ್ದು 19 ಮಕ್ಕಳನ್ನು, ಉಳಿದು ಬೆಳೆದವರು 10. ಮಗುವಿಗೆ 5 ತುಂಬಿದ ಮರುದಿನದಿಂದ ಪಾಠ, ದಿನಕ್ಕೆ 6 ಗಂಟೆ, ಬೆಳಿಗ್ಗೆ 3 ಮಧ್ಯಾಹ್ನ 3. ನಮ್ಮ ಮನೆಶಾಲೆಯ ತಾಯಂದಿರಿಗೆ ಈ 6 ಗಂಟೆಯ ಕಥೆಯನ್ನೇ ಹೇಳಿ ಇನ್ನಷ್ಟು ಹೆದರಿಸಲಾಗುತ್ತದೆ. ನನಗೆ ಹೆಚ್ಚು ಕಂಡದ್ದು ಅವಳ ಇನ್ನೊಂದು ಪದ್ಧತಿ: ವಾರದ ಒಂದೊಂದು ಸಂಜೆ ಒಂದೊಂದು ಮಗುವಿನ ಜೊತೆ ಒಬ್ಬಳೇ ಕೂತು ಮಾತಾಡುವುದು. ಜಾನ್‌ನ ಪಾಳಿ ಗುರುವಾರ. ದೊಡ್ಡವನಾದ ಮೇಲೂ ಅವನು ಆ ಗುರುವಾರವನ್ನು ಮರೆಯಲಿಲ್ಲ. ಅವಳಿಗಾದರೂ ಮನೆಯಲ್ಲಿ ಆಳುಕಾಳು ಇದ್ದರು ಎಂಬುದನ್ನೂ ಜೊತೆಗೇ ಹೇಳಬೇಕು.

ಮನೆಯವರೇ ಕಲಿಸಿದ ಕಥೆ ನಮ್ಮ ಕಡೆಯೂ ಇದೆ. ತಾಳಗುಂದ ಕುಪ್ಪಗಡ್ಡೆಯಿಂದ ದೂರವೇನಲ್ಲ, ಪಕ್ಕದ ಶಿಕಾರಿಪುರ ತಾಲ್ಲೂಕು. ಅಲ್ಲಿನ ಶಾಸನದ ಪ್ರಕಾರ ಕಂಚಿಯ ಘಟಿಕೆಗೆ ಓದಲು ಹೊರಟ, ಮುಂದೆ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮನ ಜೊತೆಗಿದ್ದ ಗುರು ವೀರಶರ್ಮ. ಅವನ ತಾತನೇ ಆತ ಎನ್ನುತ್ತಾರೆ. ಮನೆಯ ಹಿರಿಯನೇ ಮೇಷ್ಟ್ರಾಗುವುದು ಈ ಸೀಮೆಗೆ ಹೊಸತಲ್ಲ.

ಹಾಗಾದರೆ ದಣಿದ ತಾಯಿಗೆ ಹುರುಪು ಎಲ್ಲಿಂದ ತರುವುದು? ಭಾನುವಾರದಿಂದ ಅನ್ನುತ್ತಾರೆ. 52 ಭಾನುವಾರ, ಆರಾಧನೆಗೆ 2 ಗಂಟೆಯಂತೆ 104 ಗಂಟೆ. ಆದರೆ ಸಭೆಯಲ್ಲಿ ನಡೆಯುವುದೇನು? ಮನೆಯಲ್ಲಿ ಹೇಗೂ ಕಲಿಸುತ್ತೀರಲ್ಲಕ್ಕಾ, ಸಂಡೇ ಸ್ಕೂಲನ್ನೂ ನೀವೇ ನೋಡಿಕೊಳ್ಳಿ ಎನ್ನುತ್ತಾರೆ. ಒಳಗೆ ಪಾಸ್ಟರ್ ಪ್ರಸಂಗ ಮಾಡುವಾಗ ಆ ಅಕ್ಕ ಹೊರಗೆ ಜಗಲಿಯಲ್ಲಿ ಹನ್ನೆರಡು ಮಕ್ಕಳಿಗೆ ಬಣ್ಣದ ಪೆನ್ಸಿಲ್ ಹಂಚುತ್ತಿರುತ್ತಾಳೆ. 104ರಲ್ಲಿ ಅವಳ ಪಾಲಿಗೆ ಉಳಿದದ್ದು ಎಷ್ಟು? ಎರಡು ವಾರಕ್ಕೊಮ್ಮೆ ಬೇರೆಯವರು ಸಂಡೇ ಸ್ಕೂಲ್ ವಹಿಸಿಕೊಂಡರೆ 52 ಗಂಟೆ ವಾಪಸ್ಸು ಬಂತು.

ಅಪ್ಪ ದಿನಕ್ಕೆ 1 ಗಂಟೆ ಗಣಿತವನ್ನೋ ವಿಜ್ಞಾನವನ್ನೋ ಹಿಡಿದರೆ 220 ಗಂಟೆ ಇಳಿಯಿತು. ಸಭೆಯಲ್ಲಿ ನಿವೃತ್ತ ಮೇಷ್ಟ್ರೋ ಟೀಚರೋ ಇದ್ದು ವಾರಕ್ಕೆ 2 ಗಂಟೆ ಬಂದರೆ 44 ವಾರಕ್ಕೆ 88. ಉಳಿದದ್ದು 842; ಅಂದರೆ ದಿನಕ್ಕೆ 3 ಗಂಟೆ 50 ನಿಮಿಷ. 5 ಗಂಟೆ 14 ನಿಮಿಷದಿಂದ ಇಲ್ಲಿಗೆ. ದೇವರು ನಿಮ್ಮನ್ನು ಬಲಪಡಿಸಲಿ ಎಂದು ಕೈಹಿಡಿದು ಹೇಳುವವರು ಬೇಕು, ಬೇಡವೆಂದಲ್ಲ. ಆದರೆ ಬಲ ಬರುವುದು ಹೆಚ್ಚಾಗಿ ಈ 88 ಗಂಟೆಯ ರೂಪದಲ್ಲಿ.

ಉದ್ದೇಶದ ಮಾತಿಗೆ ಬಂದರೆ, ಬಹಳ ಮನೆಯವರು ಬೈಬಲ್ ಕಲಿಸುವುದಕ್ಕಾಗಿ ಎನ್ನುತ್ತಾರೆ. ಅದನ್ನೂ ಎಣಿಸಬಹುದು. ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ 66 ಪುಸ್ತಕ, 1,189 ಅಧ್ಯಾಯ. ಕಥೋಲಿಕರ ಬೈಬಲಿನಲ್ಲಿ 73 ಪುಸ್ತಕ. 200 ಪಾಠದ ದಿನದಲ್ಲಿ ಇಡೀ ಸತ್ಯವೇದ ಮುಗಿಸಲು ದಿನಕ್ಕೆ 6 ಅಧ್ಯಾಯ ಬೇಕು. ಮೂರನೇ ತರಗತಿಯ ಮಗುವಿಗೆ ಅದು ಓದಲ್ಲ, ದಂಡನೆ. ನಾಲ್ಕು ಸುವಾರ್ತೆಗಳದು ಮತ್ತಾಯ 28, ಮಾರ್ಕ 16, ಲೂಕ 24, ಯೋಹಾನ 21, ಕೂಡಿದರೆ 89. ಎರಡು ದಿನಕ್ಕೆ ಒಂದು ಅಧ್ಯಾಯದಂತೆ 178 ದಿನಕ್ಕೆ ಮುಗಿದು, ಜ್ವರಕ್ಕೆ, ನೆಂಟರಿಗೆ, ನಾಟಿಗೆ 22 ದಿನ ಉಳಿಯುತ್ತದೆ.

ಇದೇ ತೂಕದ ವಿವೇಕ ಪಠ್ಯಕ್ರಮದಲ್ಲೂ ಬೇಕು. ಟೆಕ್ಸಾಸ್‌ನಲ್ಲಿ 1970ರಲ್ಲಿ ಶುರುವಾದ ಎಸಿಇ ಎಂಬ ಕ್ರೈಸ್ತ ಪಠ್ಯಕ್ರಮದಲ್ಲಿ ಒಂದು ವಿಷಯಕ್ಕೆ ವರ್ಷಕ್ಕೆ 12 ಕಿರುಪುಸ್ತಕ. 5 ವಿಷಯಕ್ಕೆ 60. ನೂರಕ್ಕೆ 80 ಬಾರದೆ ಮುಂದಿನದಕ್ಕೆ ಹೋಗುವಂತಿಲ್ಲ. ಅಚ್ಚುಕಟ್ಟೇನೋ ನಿಜ. ಆದರೆ ಇಂಗ್ಲಿಷಿನಲ್ಲಿ ಬಂದ ಡಾಲರ್-ಸೆಂಟಿನ ಲೆಕ್ಕ ಕುಪ್ಪಗಡ್ಡೆಯ ಹುಡುಗನಿಗೆ ಎರಡು ಸಲ ಅನುವಾದವಾಗಬೇಕು. ತೋಟಕ್ಕೆ ಕರೆದೊಯ್ದರೆ ಅನುವಾದವೇ ಬೇಡ. ಒಂದು ಎಕರೆ 43,560 ಚದರಡಿ. ಅಡಿಕೆಗೆ 9 ಅಡಿಗೆ 9 ಅಡಿ ಅಂತರ, ಗಿಡಕ್ಕೆ 81 ಚದರಡಿ. ಎಕರೆಗೆ ಎಷ್ಟು ಗಿಡ? 537. ಗುಂಟೆಗೆ? 1,089ನ್ನು 81ರಿಂದ ಭಾಗಿಸಿದರೆ 13 ಮತ್ತು ಚೂರು. ಈಗ 13ನ್ನು 40 ಗುಂಟೆಯಿಂದ ಗುಣಿಸು ಎಂದರೆ 520 ಬರುತ್ತದೆ. ಆ 17 ಗಿಡ ಎಲ್ಲಿ ಹೋದವು ಎಂದು ಹುಡುಗ ಅಪ್ಪನ ಮುಖ ನೋಡುತ್ತಾನೆ. ಬಿಟ್ಟ ಚೂರಿನಲ್ಲಿ, ದಶಾಂಶದಲ್ಲಿ ಅಡಗಿವೆ. ಅರ್ಧ ಗಂಟೆಯ ಪಾಠ, ಖರ್ಚು ಒಂದು ಅಳತೆ ಟೇಪು.

ಇಷ್ಟೆಲ್ಲ ಕೂಡಿ ಕಳೆದ ಮೇಲೆ ನನ್ನ ಅಭಿಪ್ರಾಯ ಇದು: ಇಲ್ಲಿನ ಹೆಚ್ಚಿನ ಕ್ರೈಸ್ತ ಮನೆಗಳಿಗೆ ಒಗ್ಗುವುದು ಶಾಲೆಗೆ ಕಳಿಸಿ ಸಂಜೆ ಮನೆಯಲ್ಲಿ ಕಲಿಸುವ ದಾರಿ. ರಾತ್ರಿ ಊಟಕ್ಕೆ ಮೊದಲು 45 ನಿಮಿಷ ಕುಟುಂಬ ಪ್ರಾರ್ಥನೆ ಮತ್ತು ಓದು, ವರ್ಷಕ್ಕೆ 300 ರಾತ್ರಿ, 225 ಗಂಟೆಯಾಯಿತು. ಮನೆಶಾಲೆಯಲ್ಲಿ ಒಟ್ಟಿಗೆ ಕೂರುವ 300 ಗಂಟೆಗೆ ಹೋಲಿಸಿದರೆ ಇದು ಅಂಥ ಕಡಿಮೆಯಲ್ಲ, ಬಿಸಿಯೂಟವೂ ತಪ್ಪುವುದಿಲ್ಲ. ಪೂರ್ತಿ ಮನೆಯಲ್ಲೇ ಎನ್ನುವವರು ಮೊದಲು ಆ 842 ಗಂಟೆಯನ್ನು ಯಾರು ಯಾವ ಹೊತ್ತಿನಲ್ಲಿ ಕೊಡುತ್ತಾರೆ ಎಂದು ಗಂಡ-ಹೆಂಡತಿ ಕೂತು ಬರೆದುಕೊಂಡು ಹೊರಡಲಿ.

ಕಾನೂನೂ ಗೊತ್ತಿರಲಿ. ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ 6ರಿಂದ 14ರ ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ. ತಪ್ಪಿದ ಪಾಲಕರಿಗೆ ಆ ಕಾಯ್ದೆಯಲ್ಲಿ ದಂಡ ಬರೆದಿಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಮೇಷ್ಟ್ರು ಬಂದರೆ ಗಂಟೆ ಗೀಚಿದ ಆ ಕ್ಯಾಲೆಂಡರ್, ಮಕ್ಕಳ ನೋಟ್‌ಬುಕ್ ತೋರಿಸಲು ಇರಬೇಕು. ಎನ್‌ಐಒಎಸ್ ಹತ್ತನೇ ತರಗತಿಗೆ 14 ತುಂಬಿರಬೇಕು, ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಲು 15. ಎನ್‌ಐಒಎಸ್‌ನಲ್ಲಿ ಒಮ್ಮೆ ನೋಂದಾಯಿಸಿದರೆ 5 ವರ್ಷದಲ್ಲಿ 9 ಅವಕಾಶ, ಪಾಸಾಗಲು ನೂರಕ್ಕೆ 33.

ನಡುವೆ ಆಗುವುದಿಲ್ಲ ಅನಿಸಿದರೆ? ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದಿದ್ದರೆ ವಿಶೇಷ ತರಬೇತಿ ಕೊಡಬೇಕು. 15ನೇ ಸೆಕ್ಷನ್ ಪ್ರಕಾರ ದಾಖಲಾತಿಯ ಅವಧಿ ಮುಗಿದಿದೆ ಎಂದು ವಾಪಸ್ಸು ಕಳಿಸುವಂತಿಲ್ಲ. ಜೂನ್ ದಾಟಿ ಆಗಸ್ಟಿನಲ್ಲಿ ಹೋದರೂ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳಬೇಕು; ಶುಲ್ಕ ಸೊನ್ನೆ.