ಬೆವರು ಹೆಚ್ಚು ಸುರಿದರೆ ಕೆಲಸ ಹೆಚ್ಚಾಯಿತೇ?



ಮೇ ತಿಂಗಳ ಮೊದಲ ದಿನ ನಾವು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಹಲವು ದೇಶಗಳಲ್ಲಿ ಕಾರ್ಮಿಕರ ದಿನವೆಂದು ಕೊಂಡಾಡುವ ದಿನಕ್ಕೇ ಈ ಹಬ್ಬವನ್ನು 1955ರಲ್ಲಿ ಗೊತ್ತುಮಾಡಿದವರು ಜಗದ್ಗುರು ಹನ್ನೆರಡನೇ ಪಯಸ್‌ರವರು. ಅಂದು ಬಲಿಪೂಜೆಯಲ್ಲಿ ದುಡಿಮೆಯ ಘನತೆಯ ಬಗ್ಗೆ ಪ್ರಬೋಧನೆ ಕೇಳಿ, ಮನೆಗೆ ಬಂದು ಹಬ್ಬದೂಟ ಉಣ್ಣುತ್ತೇವೆ. ಆ ಊಟಕ್ಕಾಗಿ ನಸುಕಿನಲ್ಲೇ ಎದ್ದ ತಾಯಿ, ಎಲ್ಲರಿಗೂ ಬಡಿಸಿ ಮುಗಿಸುವ ಹೊತ್ತಿಗೆ ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿರುತ್ತಾಳೆ. ದುಡಿಮೆಯ ಹಬ್ಬದ ದಿನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದಣಿದವಳು ಅವಳೇ.

ದಣಿವನ್ನೇ ದುಡಿಮೆಯ ಅಳತೆಗೋಲು ಮಾಡಿಕೊಂಡಿರುವುದು ನಮ್ಮ ಹಳೆಯ ಅಭ್ಯಾಸ. ಕಚೇರಿಯಲ್ಲಿ ಐದೂವರೆಗೆ ಮೇಜು ಖಾಲಿ ಮಾಡಿ ಎದ್ದವನು ಸೋಮಾರಿ. ರಾತ್ರಿ ಎಂಟರವರೆಗೆ ಕಡತಗಳ ನಡುವೆ ಕುಳಿತವನು ಶ್ರಮಜೀವಿ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದು ನಿಜವೇ. ಆದರೆ ಕೆಸರು ಹೆಚ್ಚಿದಷ್ಟೂ ಮೊಸರು ಹೆಚ್ಚುತ್ತದೆ ಎಂದು ಅವರು ಹೇಳಿರಲಿಲ್ಲ.

ಕೆಲಸವನ್ನು ಹಗುರಮಾಡಿಕೊಳ್ಳಿ ಎಂಬ ಬುದ್ಧಿಮಾತನ್ನು ಬೈಬಲಿನಲ್ಲಿ ಸ್ಪಷ್ಟವಾಗಿ ಹೇಳಿದವನು ಒಬ್ಬ ಮಾವ. ವಿಮೋಚನಕಾಂಡದ 18ನೇ ಅಧ್ಯಾಯವನ್ನು ತೆಗೆದು ನೋಡಿ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದ. ಜನರೂ ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರುತ್ತಿದ್ದರು. ಅಳಿಯನನ್ನು ನೋಡಲು ಬಂದ ಇತ್ರೋ ಇದನ್ನೆಲ್ಲ ಗಮನಿಸಿದ. ಎಷ್ಟೊಂದು ಕಷ್ಟಪಡುತ್ತೀಯಪ್ಪ ಎಂದು ಹೊಗಳಲಿಲ್ಲ. ನೀನು ಮಾಡುತ್ತಿರುವುದು ಸರಿಯಲ್ಲ, ನೀನೂ ಬಳಲುತ್ತೀಯೆ, ಈ ಜನರೂ ಬಳಲುತ್ತಾರೆ ಎಂಬರ್ಥದಲ್ಲಿ ನೇರವಾಗಿ ಹೇಳಿದ. ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ಯೋಗ್ಯರಾದವರನ್ನು ನೇಮಿಸು. ಸಣ್ಣ ವಿಷಯಗಳನ್ನು ಅವರೇ ತೀರಿಸಲಿ, ಕಠಿಣವಾದದ್ದು ಮಾತ್ರ ನಿನ್ನ ಬಳಿಗೆ ಬರಲಿ ಎಂದು ದಾರಿ ತೋರಿಸಿದ. ಈ ಭಾಗದಲ್ಲಿ ನಮಗೆ ಹೆಚ್ಚು ಹಿಡಿಸುವುದು ಇತ್ರೋ ಮೊದಲು ಕಣ್ಣಾರೆ ನೋಡಿ ಆಮೇಲೆ ಮಾತಾಡಿದ ಎಂಬುದು.

ಹೀಗೆಯೇ ಕೆಲಸವನ್ನು ಕಣ್ಣಿಟ್ಟು ನೋಡಿದ ಇನ್ನೊಬ್ಬ ಮನುಷ್ಯನ ಕಥೆ ನಮಗೆ ಹೆಚ್ಚು ಹತ್ತಿರದ್ದು. ಯಾಕೆಂದರೆ ಅದು ಇಟ್ಟಿಗೆ, ಗಾರೆ, ಕರಣೆಗಳ ಕಥೆ. ಅಮೆರಿಕದ ಬೋಸ್ಟನ್ ನಗರದಲ್ಲಿ 1885ರಲ್ಲಿ ಫ್ರಾಂಕ್ ಗಿಲ್‌ಬ್ರೆತ್ ಎಂಬ ಹದಿನೇಳರ ಹುಡುಗ ಇಟ್ಟಿಗೆ ಕಟ್ಟುವ ಕೆಲಸ ಕಲಿಯಲು ಸೇರಿಕೊಂಡ. ಕಲಿಸುವ ಮೇಸ್ತ್ರಿಯನ್ನು ನೋಡುತ್ತ ನೋಡುತ್ತ ಅವನಿಗೊಂದು ಸೋಜಿಗ ಕಾಣಿಸಿತು. ಮೇಸ್ತ್ರಿ ನಿಧಾನವಾಗಿ ಕೆಲಸ ಮಾಡುವಾಗ ಒಂದು ರೀತಿ, ಅವಸರದಲ್ಲಿದ್ದಾಗ ಇನ್ನೊಂದು ರೀತಿ, ಹುಡುಗನಿಗೆ ಹೇಳಿಕೊಡುವಾಗ ಮತ್ತೊಂದು ರೀತಿ! ಯಾವುದು ಸರಿ ಎಂದು ಯಾರೂ ಕೇಳಿರಲಿಲ್ಲ. ಸಾವಿರಾರು ವರ್ಷಗಳಿಂದ ನಡೆದುಬಂದ ಕಸುಬು, ಹಾಗೇ ನಡೆಯುತ್ತಿತ್ತು.

ಇಟ್ಟಿಗೆ ಕಟ್ಟುವುದನ್ನು ನಾವೆಲ್ಲ ನೋಡಿದವರೇ. ಇಟ್ಟಿಗೆ ರಾಶಿ ಕಾಲಬುಡದಲ್ಲಿ, ಗಾರೆಯ ಬಾಂಡ್ಲಿಯೂ ಕಾಲಬುಡದಲ್ಲಿ. ಮೇಸ್ತ್ರಿ ಬಗ್ಗುತ್ತಾನೆ, ಇಟ್ಟಿಗೆ ಎತ್ತುತ್ತಾನೆ, ಯಾವ ಮುಖ ಚೆನ್ನಾಗಿದೆ ಎಂದು ತಿರುಗಿಸಿ ನೋಡುತ್ತಾನೆ, ಗಾರೆ ಹಾಕುತ್ತಾನೆ, ಇಟ್ಟಿಗೆ ಇಡುತ್ತಾನೆ, ಕರಣೆಯ ಹಿಡಿಯಿಂದ ಕುಟ್ಟಿ ಮಟ್ಟಮಾಡುತ್ತಾನೆ. ಫ್ರಾಂಕ್ ಮುಂದೆ ಸ್ವಂತ ಗುತ್ತಿಗೆದಾರನಾದಾಗ ಇದನ್ನೆಲ್ಲ ಬಿಡಿಸಿ ಎಣಿಸಿದ. ಒಂದು ಇಟ್ಟಿಗೆಗೆ 18 ಚಲನೆಗಳು.

ಇದರಲ್ಲಿ ದೊಡ್ಡ ವ್ಯರ್ಥ ಯಾವುದು? ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರ್ 1911ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಇದರ ಲೆಕ್ಕ ಕೊಟ್ಟಿದ್ದಾನೆ. ಇಟ್ಟಿಗೆಯ ತೂಕ ಸುಮಾರು ಎರಡೂಕಾಲು ಕಿಲೋ. ಆದರೆ ಅದನ್ನು ಎತ್ತಲು ಮೇಸ್ತ್ರಿ ತನ್ನ 68 ಕಿಲೋ ತೂಕದ ದೇಹವನ್ನು ಎರಡು ಅಡಿ ಕೆಳಗಿಳಿಸಿ ಮತ್ತೆ ಮೇಲೆತ್ತಬೇಕು. ದಿನಕ್ಕೆ ಸುಮಾರು ಸಾವಿರ ಸಲ. ಗುಣಿಸಿ ನೋಡಿ: ಗೋಡೆಗೆ ಸೇರಿದ ಇಟ್ಟಿಗೆ ಎರಡೂಕಾಲು ಸಾವಿರ ಕಿಲೋ, ಅದಕ್ಕಾಗಿ ಅವನು ಎತ್ತಿದ ತನ್ನ ಮೈಭಾರ 68 ಸಾವಿರ ಕಿಲೋ! ಸಂಜೆ ಅವನ ಸೊಂಟ ನೋಯುವುದು ಗೋಡೆ ಕಟ್ಟಿದ್ದಕ್ಕಲ್ಲ, ಬಗ್ಗಿದ್ದಕ್ಕೆ.

ಫ್ರಾಂಕ್ ಮಾಡಿದ್ದು ಸರಳ. ಗೋಡೆ ಏರಿದಂತೆ ಏರಿಸಬಹುದಾದ ಸಾರವೆಯನ್ನು ರೂಪಿಸಿದ. ಅದರ ಮೇಲೆ ಮೇಸ್ತ್ರಿಯ ಕೈಗೆಟಕುವ ಎತ್ತರಕ್ಕೆ ಒಂದು ಹಲಗೆ. ಇಟ್ಟಿಗೆಯೂ ಗಾರೆಯೂ ಆ ಹಲಗೆಯ ಮೇಲೆ. ಇಟ್ಟಿಗೆಗಳನ್ನು ಮೊದಲೇ ಆರಿಸಿ, ಒಳ್ಳೆಯ ಮುಖ ಒಂದೇ ಕಡೆಗೆ ಬರುವಂತೆ ಮರದ ಚೌಕಟ್ಟಿನಲ್ಲಿ ಜೋಡಿಸಿ ತಂದಿಡಲು ಕೈಯಾಳುಗಳಿಗೆ ಹೇಳಿಕೊಟ್ಟ. ಗಾರೆಯ ಹದವನ್ನು ಸರಿಪಡಿಸಿದ. ಇಟ್ಟಿಗೆಯನ್ನು ಅಂಗೈಯಿಂದ ಒತ್ತಿದರೆ ಸಾಕು, ಕುಟ್ಟುವ ಅಗತ್ಯವಿಲ್ಲ. ಎಡಗೈ ಇಟ್ಟಿಗೆ ತೆಗೆದುಕೊಳ್ಳುವಾಗಲೇ ಬಲಗೈ ಗಾರೆ ತೆಗೆದುಕೊಳ್ಳಲಿ ಎಂದ. 18 ಚಲನೆಗಳು 5ಕ್ಕೆ ಇಳಿದವು. ಟೇಲರ್ ವಿವರಿಸುವ ಒಂದು ಕಟ್ಟಡದಲ್ಲಿ, ಹಳೆಯ ರೀತಿಯಲ್ಲಿ ಗಂಟೆಗೆ 120 ಇಟ್ಟಿಗೆ ಇಡುತ್ತಿದ್ದ ಕಡೆ ಒಬ್ಬೊಬ್ಬ ಮೇಸ್ತ್ರಿ 350 ಇಟ್ಟಿಗೆ ಇಟ್ಟರು. ಓಡಲಿಲ್ಲ, ಅವಸರಪಡಲಿಲ್ಲ. ಬಗ್ಗುವುದನ್ನು ಬಿಟ್ಟರು, ಅಷ್ಟೇ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಮೇಸ್ತ್ರಿಯ ಸೊಂಟ ನೆಟ್ಟಗಾಯಿತು, ಸರಿ. ಇಟ್ಟಿಗೆಯನ್ನು ಸಾರವೆಗೆ ಏರಿಸುವ ಕೈಯಾಳಿನ ಗತಿ? ನಮ್ಮ ಊರುಗಳಲ್ಲಿ ಆ ಕೈಯಾಳು ಎಷ್ಟೋ ಸಲ ತಲೆಯ ಮೇಲೆ ಸಿಂಬಿ ಇಟ್ಟುಕೊಂಡ ಒಬ್ಬ ಹೆಂಗಸು. ಒಬ್ಬರ ಸೊಂಟದ ಭಾರವನ್ನು ಇನ್ನೊಬ್ಬರ ತಲೆಗೆ ದಾಟಿಸುವುದನ್ನು ಕೆಲಸ ಹಗುರವಾಯಿತು ಎನ್ನಲಾಗದು.

ಈ ವಿದ್ಯೆಯನ್ನು ಸಾಮಾನ್ಯ ಕೆಲಸಗಾರರಿಗೆ ಮುಟ್ಟಿಸಿದವರಲ್ಲಿ ಅಲನ್ ಮೊಗೆನ್ಸನ್ ಎಂಬವರು ಮುಖ್ಯರು. 1932ರಲ್ಲಿ ಅವರ ಪುಸ್ತಕ ಬಂತು. ಕೆಲಸವನ್ನು ಸರಳಗೊಳಿಸಬೇಕಾದವನು ಹೊರಗಿನಿಂದ ಗಡಿಯಾರ ಹಿಡಿದು ಬಂದ ಪರಿಣತನಲ್ಲ, ಕೆಲಸ ಮಾಡುವವನೇ ಎಂಬುದು ಅವರ ಹಟ. ಈ ವಿದ್ಯೆಯಲ್ಲಿ ಕೇಳುವ ಪ್ರಶ್ನೆಗಳು ಮಕ್ಕಳಿಗೂ ಅರ್ಥವಾಗುವಂಥವು. ಈ ಹಂತ ಬೇಕೇ? ಎರಡನ್ನು ಒಂದು ಮಾಡಬಹುದೇ? ಹಿಂದುಮುಂದು ಮಾಡಿದರೆ ಸುಲಭವಾದೀತೇ? ಉಳಿದದ್ದನ್ನು ಇನ್ನೂ ಹಗುರ ಮಾಡಬಹುದೇ? ಬೇಡವಾದದ್ದನ್ನು ಬೇಗ ಮಾಡುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳುವವರೇ ನಮ್ಮಲ್ಲಿ ಹೆಚ್ಚು. ಆದ್ದರಿಂದ ಮೊದಲ ಪ್ರಶ್ನೆಯನ್ನು ಮೊದಲೇ ಕೇಳಬೇಕು.

ನಮ್ಮ ಧರ್ಮಕೇಂದ್ರದ ಕಚೇರಿಯನ್ನೇ ತೆಗೆದುಕೊಳ್ಳೋಣ. ಮದುವೆ ಗೊತ್ತಾದವರು ಹೊಸದಾಗಿ ಬರೆಸಿದ ಜ್ಞಾನಸ್ನಾನ ಪ್ರಮಾಣಪತ್ರಕ್ಕಾಗಿ ಬರುತ್ತಾರೆ. ಜ್ಞಾನಸ್ನಾನ ಯಾವ ವರ್ಷ ಆಯಿತೆಂದು ಅವರಿಗೆ ಗೊತ್ತಿಲ್ಲ. ಅಮ್ಮನಿಗೆ ಫೋನ್ ಮಾಡುತ್ತಾರೆ, ಅಮ್ಮ ಅತ್ತಿಗೆಯನ್ನು ಕೇಳುತ್ತಾಳೆ. ಅಷ್ಟರಲ್ಲಿ ಮೂರು ದಪ್ಪ ದಾಖಲೆ ಪುಸ್ತಕಗಳು ಮೇಜಿನ ಮೇಲೆ ಬಂದಿರುತ್ತವೆ, ಬಾಗಿಲಲ್ಲಿ ಇನ್ನೂ ನಾಲ್ವರು ಕಾದಿರುತ್ತಾರೆ. ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ದಿನ, ಜ್ಞಾನಸ್ನಾನದ ವರ್ಷ, ಇಷ್ಟನ್ನು ಬರೆದುಕೊಂಡೇ ಬನ್ನಿ ಎಂದು ಒಂದು ಚೀಟಿಯ ನಮೂನೆಯನ್ನು ಚರ್ಚಿನ ಬಾಗಿಲಲ್ಲಿ ಇಟ್ಟರೆ? ಪ್ರತಿ ದಾಖಲೆ ಪುಸ್ತಕದ ಕೊನೆಗೆ ಹೆಸರುಗಳ ಅಕಾರಾದಿ ಪಟ್ಟಿ ತುಂಬಿಸಿದರೆ? ಹುಡುಕುವ ಕೆಲಸವನ್ನು ಯುವಜನರಲ್ಲಿ ನಂಬಿಕಸ್ಥರೊಬ್ಬರು ಮಾಡಿ, ಗುರುಗಳು ಪರಿಶೀಲಿಸಿ ಸಹಿ ಮತ್ತು ಮೊಹರು ಮಾತ್ರ ಹಾಕಿದರೆ? ಬೀಗದ ಕೈಯಿಂದ ಹಿಡಿದು ಮೈಕಿನ ವೈರಿನವರೆಗೆ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ಗುರುಗಳು ಹಲವರಿದ್ದಾರೆ. ಅವರಿಗೆ ಇತ್ರೋನಂಥ ಮಾವ ಸಿಗುವಂತಿಲ್ಲ! ಆ ಮಾತನ್ನು ಪಾಲನಾ ಸಮಿತಿಯವರೇ ಹೇಳಬೇಕಾಗುತ್ತದೆ.

ಹಾಗಾದರೆ ಉಳಿದ ಸಮಯ ಯಾರದು? ತೊಡಕಿನ ಪ್ರಶ್ನೆ ಇದೇ. 120 ಇಟ್ಟಿಗೆಯ ಜಾಗದಲ್ಲಿ 350 ಇಟ್ಟವನಿಗೆ ಸಂಜೆ ಬೇಗ ಮನೆಗೆ ಹೋಗಲು ಬಿಡುತ್ತಾರೆಯೇ? ಮೂರು ಪಟ್ಟು ಗೋಡೆಗೆ ಮೂರು ಪಟ್ಟು ಕೂಲಿ ಕೊಡುತ್ತಾರೆಯೇ? ಅಂದಿನ ಕಾರ್ಮಿಕ ಸಂಘಗಳು ಈ ಹೊಸ ವಿಧಾನಗಳನ್ನು ಅನುಮಾನದಿಂದ ನೋಡಿದ್ದಕ್ಕೆ ಕಾರಣವಿತ್ತು. ಇಂದು ನಮ್ಮ ಮನೆಗಳಿಂದಲೇ ಎಷ್ಟೋ ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಕಾಲರ್ ಹೊಲಿಯಲು ಇಷ್ಟು, ತೋಳು ಜೋಡಿಸಲು ಇಷ್ಟು ಎಂದು ನಿಮಿಷದ ಭಾಗಗಳಲ್ಲಿ ಲೆಕ್ಕವಿದೆ. ಗಂಟೆಗೆ ಇಷ್ಟು ತುಂಡು ಎಂಬ ಟಾರ್ಗೆಟ್ ಆ ಲೆಕ್ಕದಿಂದಲೇ ಬರುವುದು. ಟೇಲರ್ ಮತ್ತು ಗಿಲ್‌ಬ್ರೆತ್‌ರ ಕಾಲದ ಅಳತೆಯ ವಿದ್ಯೆಯೇ ಇದರ ಮೂಲ. ಚುರುಕಾಗಿ ಹೊಲಿದವಳಿಗೆ ಬಿಡುವು ಸಿಗುವ ಬದಲು ನಾಳೆಯ ಟಾರ್ಗೆಟ್ ಏರಿದರೆ, ಅವಳ ಜಾಣತನವೇ ಅವಳಿಗೆ ಹಗ್ಗವಾಯಿತು. ಜಗದ್ಗುರು ಹದಿಮೂರನೇ ಲಿಯೋರವರು 1891ರ ತಮ್ಮ ವಿಶ್ವಪರಿಪತ್ರ 'ರೇರುಮ್ ನೊವಾರುಮ್'ನಲ್ಲಿ, ದಿನದ ದುಡಿಮೆ ಮನುಷ್ಯನ ಶಕ್ತಿಯನ್ನು ಮೀರಬಾರದು, ಬಿಡುವು ಇರಲೇಬೇಕು ಎಂದು ಬೋಧಿಸಿದ್ದರು. ಯಂತ್ರ ಎಷ್ಟು ಓಡಬಲ್ಲದು ಎಂಬುದನ್ನಲ್ಲ, ಮನುಷ್ಯ ಎಷ್ಟು ತಾಳಬಲ್ಲ ಎಂಬುದನ್ನು ಅವರು ಅಳತೆಯಾಗಿ ಇಟ್ಟರು.

ಗಿಲ್‌ಬ್ರೆತ್ ದಂಪತಿಗಳಿಗೂ ಈ ಎಚ್ಚರವಿತ್ತು. ಫ್ರಾಂಕ್‌ನ ಪತ್ನಿ ಲಿಲಿಯನ್ ಮನಶ್ಶಾಸ್ತ್ರ ಓದಿದವರು. ಇಬ್ಬರೂ ಸೇರಿ 1916ರಲ್ಲಿ ದಣಿವಿನ ಬಗ್ಗೆಯೇ ಒಂದು ಪುಸ್ತಕ ಬರೆದರು. ಕೆಲಸಗಾರನಿಗೆ ಸರಿಯಾದ ಕುರ್ಚಿ, ನಡುನಡುವೆ ವಿಶ್ರಾಂತಿ ಬೇಕೆಂದು ವಾದಿಸಿದರು. ಆದರೂ ಫ್ರಾಂಕ್ ತನ್ನ ವಿಷಯದಲ್ಲಿ ಅದನ್ನು ಪಾಲಿಸಿದನೋ ಇಲ್ಲವೋ. 1924ರ ಜೂನ್ 14ರಂದು ರೈಲು ನಿಲ್ದಾಣದಿಂದ ಹೆಂಡತಿಗೆ ಫೋನ್ ಮಾಡುತ್ತಿರುವಾಗಲೇ ಹೃದಯಾಘಾತದಿಂದ ಕುಸಿದು ತೀರಿಕೊಂಡ. ವಯಸ್ಸು 55. ಮನೆಯಲ್ಲಿ ಹನ್ನೊಂದು ಮಕ್ಕಳು.

ಗಂಡನ ಜೊತೆ ಒಪ್ಪಂದ ಮಾಡಿಕೊಂಡಿದ್ದ ಹಲವು ಕಂಪನಿಗಳು ಹೆಂಗಸಿನ ಸಲಹೆ ಬೇಡವೆಂದು ಹಿಂದೆ ಸರಿದವು. ಲಿಲಿಯನ್ ಆಗ ಕಾರ್ಖಾನೆಯ ಆ ವಿದ್ಯೆಯನ್ನು ಅಡುಗೆಮನೆಗೆ ತಂದರು. ಒಲೆ, ತೊಟ್ಟಿ, ಪಾತ್ರೆ, ದಿನಸಿ ಇವು ಒಂದಕ್ಕೊಂದು ಹತ್ತಿರವಿರಬೇಕು, ಹಲಗೆಯ ಎತ್ತರ ಆ ಮನೆಯ ಹೆಂಗಸಿನ ಎತ್ತರಕ್ಕೆ ಹೊಂದಬೇಕು ಎಂದರು. 1929ರಲ್ಲಿ ಅವರು ಬ್ರೂಕ್ಲಿನ್‌ನ ಒಂದು ಗ್ಯಾಸ್ ಕಂಪನಿಗಾಗಿ ಮಾದರಿ ಅಡುಗೆಮನೆಯನ್ನು ರೂಪಿಸಿದರು. ಸ್ಟ್ರಾಬೆರಿ ಕೇಕ್ ಒಂದನ್ನು ಮಾಡಲು ಹಳೆಯ ರೀತಿಯ ಅಡುಗೆಮನೆಯಲ್ಲಿ 281 ಹೆಜ್ಜೆ ನಡೆಯಬೇಕಾಗಿದ್ದರೆ, ಇಲ್ಲಿ 45 ಹೆಜ್ಜೆ ಸಾಕಾಯಿತು. ಕಾಲಿನಿಂದ ಒತ್ತಿ ಮುಚ್ಚಳ ತೆರೆಯುವ ಕಸದ ಡಬ್ಬಿಯ ಹಿಂದೆ ಇರುವವರೂ ಇವರೇ ಎನ್ನುತ್ತಾರೆ. 93 ವರ್ಷ ಬಾಳಿ 1972ರಲ್ಲಿ ತೀರಿಕೊಂಡರು.

ಅಡುಗೆಮನೆಯಲ್ಲಿಯೂ ಅದೇ ಹಗ್ಗವಿದೆ ಎಂಬುದನ್ನು ಮರೆಯುವಂತಿಲ್ಲ. ರೂತ್ ಶ್ವಾರ್ಟ್ಸ್ ಕೋವನ್ ಎಂಬ ಇತಿಹಾಸಕಾರರು 1983ರ ತಮ್ಮ ಪುಸ್ತಕದಲ್ಲಿ ತೋರಿಸಿದಂತೆ, ಅಮೆರಿಕದಲ್ಲಿ ಮನೆಗೆ ಯಂತ್ರಗಳು ಬಂದ ಮೇಲೆ ಗೃಹಿಣಿಯ ದುಡಿಮೆಯ ಹೊತ್ತು ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಬಟ್ಟೆ ಒಗೆಯುವುದು ಸುಲಭವಾದಂತೆ ದಿನಕ್ಕೊಂದು ಬಟ್ಟೆ ಬೇಕಾಯಿತು. ನಮ್ಮಲ್ಲೂ ಅಷ್ಟೇ ಅಲ್ಲವೇ? ರುಬ್ಬುವ ಕಲ್ಲು ಹೋಗಿ ಮಿಕ್ಸಿ ಬಂತು. ಒಂದು ಚಟ್ನಿಯ ಜಾಗದಲ್ಲಿ ಮೂರು ಚಟ್ನಿ ಕೇಳುವವರಾದೆವು.

ಮೋಶೆಯ ಕಥೆಯನ್ನು 18ನೇ ಅಧ್ಯಾಯಕ್ಕೇ ಮುಚ್ಚಿಬಿಡಬೇಡಿ, 19ನೆಯದನ್ನೂ ಓದಿ. ವ್ಯಾಜ್ಯಗಳನ್ನು ಹಂಚಿಕೊಟ್ಟ ಮೋಶೆ ಆ ಅಧ್ಯಾಯದಲ್ಲಿ ಎಲ್ಲಿಗೆ ಹೋಗುತ್ತಾನೆ? ದೇವರನ್ನು ಕಾಣಲು ಸೀನಾಯಿ ಬೆಟ್ಟ ಹತ್ತುತ್ತಾನೆ. ಬಾಗಿಲಲ್ಲಿ ಸಂಜೆಯವರೆಗೂ ಸಾಲು ನಿಂತಿದ್ದರೆ ಬೆಟ್ಟ ಹತ್ತಲು ಹೊತ್ತೆಲ್ಲಿ?

ಈ ಹಬ್ಬಕ್ಕೆ ನಿಮ್ಮ ಮನೆಯಲ್ಲಿ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ. ಬೆಳಗಿನ ತಿಂಡಿಯೇ ಆಗಬಹುದು. ಒಂದು ದಿನ ಗಂಡನೋ ಮಗನೋ ಅಡುಗೆಮನೆಯ ಮೂಲೆಯಲ್ಲಿ ಕುಳಿತು, ತಾಯಿ ಎಷ್ಟು ಸಲ ಬಗ್ಗಿದಳು, ಉಪ್ಪಿಗೆ ಎಲ್ಲಿಗೆ ನಡೆದಳು, ಯಾವ ಡಬ್ಬಿಗೆ ಮುಂಗಾಲಲ್ಲಿ ನಿಂತಳು ಎಂದು ಒಂದು ಹಾಳೆಯಲ್ಲಿ ಗೆರೆ ಎಳೆಯುತ್ತ ಬರಲಿ. ಬಾಯಿ ಮಾತ್ರ ತೆರೆಯದಿರಲಿ. ತಿಂಡಿ ಮುಗಿದ ಮೇಲೆ ಹಾಳೆಯನ್ನು ಮುಂದಿಟ್ಟುಕೊಂಡು ಎಲ್ಲರೂ ಕುಳಿತುಕೊಳ್ಳಿ. ಏನು ಬದಲಾಗಬೇಕೆಂದು ಮೊದಲು ಅವಳೇ ಹೇಳಲಿ. ಡಬ್ಬಿಗಳನ್ನು ಕೆಳಗಿನ ಹಲಗೆಗೆ ಇಳಿಸಲು, ಒಲೆಯ ಪಕ್ಕಕ್ಕೆ ಒಂದು ಎತ್ತರದ ಸ್ಟೂಲ್ ತರಲು, ತಟ್ಟೆಗಳನ್ನು ಉಂಡವರೇ ತೊಳೆದಿಡಲು ದುಡ್ಡಿನ ಖರ್ಚು ಹೆಚ್ಚಿಲ್ಲ. ಹೀಗೆ ಅರ್ಧ ಗಂಟೆ ಉಳಿದರೆ ಅದನ್ನು ಅವಳಿಗೇ ಬಿಟ್ಟುಬಿಡಿ, ಮೂರನೆಯ ಚಟ್ನಿಯನ್ನು ಕೇಳಬೇಡಿ.